ವಸಿ ಜರುಗಿ

ಗದ್ದೆಗೆ ಎರಚುವ ಪೊಟ್ಯಾಷೇ ಇದು,
ತೊಳೆದು ಸೋಸಿ ಶೀಶೆಗೆ ತುಂಬಿದ್ದು, ಅಷ್ಟೆ.
ಗುತ್ತಲಿನ ಸೊಸೈಟಿಯಲ್ಲಿ ಮೂಟೆಗಟ್ಟಲೆ ತೂಗಿದ ಅಪ್ಪನಿಗೆ
ನನ್ನ ಹರಳು ತೋರಿಸಿದರೆ
ಕನ್ನಡಕ ಹಣೆಗೇರಿಸಿ ಕೇಳುತ್ತಾನೆ:
'ಎಲ್ಲವ್ವಾ ಅದು?'

ಕೂದಲಿನಷ್ಟು ದಪ್ಪ. ಅದಕ್ಕೊಂದು ಮನೆ:
ಉಕ್ಕಿನ ತಗಡಿನಲ್ಲಿ ಲೂರ್ದುಸ್ವಾಮಿ ಕೊರೆದ ತೂತು,
ಮಿಲಿಮೀಟರಿನ ಐದರಲ್ಲೊಂದು ಪಾಲು.
ಉಸಿರು ಬಿಗಿಹಿಡಿದು ಕೊರೆಯುತ್ತಾರೆ. ಆಮೇಲೆ
ಬೀಡಿ ಹಚ್ಚಲು ಹೊಂಗೆಮರದಡಿ ಹೋಗಿ
ವಾರದ ಉಸಿರನ್ನೆಲ್ಲ ಒಟ್ಟಿಗೆ ಬಿಡುತ್ತಾರೆ.
ಮುರಿದ ಬಿಟ್‌ಗಳನ್ನು ಮಾತ್ರೆ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ,
ಆಡಿಟ್‌ನವರು ಕೇಳಿದರೆ ತೋರಿಸಲು.

ಮೇಲೊಂದು ವಜ್ರ, ಕೆಳಗೊಂದು ವಜ್ರ,
ಮೂತಿಗೆ ಮೂತಿ.
ಅವ್ವ ಒಮ್ಮೆ ಬಂದು ನೋಡಿ ಮೂಗುತಿ ಮುಟ್ಟಿಕೊಂಡಳು:
'ಯಾರ್ಗೂ ಇಕ್ಕದ ವಜ್ರ ಇಂಗೆ ಗುದ್ದಾಡಕ್ಕಾ?'
ಗುದ್ದಾಟವಲ್ಲ ಅವ್ವಾ.
ಸುತ್ತ ಒಂದು ಹನಿ ಸ್ಪಿರಿಟ್ ಇದೆ,
ಎಲ್ಲ ಕಡೆಯಿಂದಲೂ ಸಮವಾಗಿ ಒತ್ತಲು.
ಒಂದೇ ಕಡೆಯಿಂದ ಒತ್ತಿದರೆ
ಅದಕ್ಕೆ ನಮ್ಮಲ್ಲಿ ಒತ್ತಡ ಅನ್ನುವುದಿಲ್ಲ.
'ನಮ್ಮಲ್ಲಿ ಅಂತೀವಿ' ಅಂದಳು.

ತಿರುಪು ಕಾಲು ಸುತ್ತು ತಿರುಗಿಸಿದರೆ
ಒಳಗೆ ಹತ್ತು ಸಾವಿರ ವಾಯುಭಾರ.
ಪಕ್ಕದಲ್ಲೊಂದು ಮಾಣಿಕ್ಯದ ಪುಡಿ,
ಹಸಿರು ಬೆಳಕು ಚುಚ್ಚಿದರೆ ಕೆಂಪಗಾಗಿ
ಲೆಕ್ಕ ಒಪ್ಪಿಸುತ್ತದೆ: ಈಗ ಇಷ್ಟು, ಈಗ ಇಷ್ಟು.
ಸಾಕ್ಷಿಗೆ ಕರೆದರೆ ಇಂಥವರನ್ನು ಕರೆಯಬೇಕು.

ರಾತ್ರಿ ಗಂಗೋತ್ರಿ. ನೀರಿನ ಪಂಪು ಗೊರಕೆ ಹೊಡೆಯುತ್ತಿದೆ.
ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಯಾವುದೋ ಹಕ್ಕಿ
ಕನಸಿನಲ್ಲಿ ಯಾರನ್ನೋ ಬೈದು ಸುಮ್ಮನಾಗುತ್ತದೆ.
ಒಂದು ಚಿತ್ರಕ್ಕೆ ಆರು ಗಂಟೆ.
ಕರೆಂಟು ಹೋದರೆ ಮತ್ತೆ ಒಂದರಿಂದ.

ಬೆಳಗಿನ ಜಾವ ಪರದೆಯ ಮೇಲೆ ಚುಕ್ಕಿಗಳು,
ಎಳೆ ಎಳೆಯಲು ಮರೆತ ರಂಗೋಲಿ.
ಒತ್ತಿದಷ್ಟೂ ಅವು ನಡುವಿನಿಂದ ದೂರ ಸರಿಯುತ್ತವೆ.
ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ,
ಆದರೂ ಎದೆಗಿಳಿಯಲು ಒಂದು ವರ್ಷ ಹಿಡಿಯಿತು:
ಒಳಗೆ ಇಕ್ಕಟ್ಟಾದಷ್ಟೂ
ಹೊರಗೆ ಕಾಣುವುದು ಅಗಲ.

ಇಪ್ಪತ್ತು ಸಾವಿರದ ಹತ್ತಿರ, ಇನ್ನು ತಡೆಯಲಾರದೆ,
ಇಡೀ ಊರು ಒಮ್ಮೆಗೇ ಕೂತ ಜಾಗ ಬದಲಿಸುತ್ತದೆ.
ಒಬ್ಬೊಬ್ಬರ ಸುತ್ತ ಆರು ಜನ ನೆರೆಯವರಿದ್ದರು,
ಈಗ ಎಂಟು.

ನನಗಿದು ಗೊತ್ತು. ಬೆಳಗಿನ ಪ್ಯಾಸೆಂಜರ್,
ಮಂಡ್ಯದಲ್ಲೇ ಮೂವರ ಸೀಟಿಗೆ ನಾಲ್ವರು ಕೂತಾಗಿರುತ್ತದೆ.
ಪಾಂಡವಪುರದಲ್ಲಿ ಸೌತೆಕಾಯಿ ಚೀಲ ಹೊತ್ತು
ದೇವೀರಮ್ಮ ಹತ್ತಿ 'ವಸಿ ಜರುಗಿ' ಅನ್ನುತ್ತಾಳೆ.
ಜಾಗವಿಲ್ಲ ಅನ್ನುತ್ತಾರೆ ಎಲ್ಲರೂ,
ಅನ್ನುತ್ತಲೇ ಜರುಗುತ್ತಾರೆ.
ಮೊಣಕಾಲು ಓರೆ, ಬ್ಯಾಗು ತೊಡೆಗೆ, ಟಿಫಿನ್ನು ಕಿಟಕಿಗೆ.
ಶ್ರೀರಂಗಪಟ್ಟಣದ ಹೊತ್ತಿಗೆ
ಯಾರ ಕೂಸು ಯಾರ ಮಡಿಲಲ್ಲಿದೆ, ಹೇಳಲು ಬಾರದು.
ಇದನ್ನು ಪ್ರಬಂಧದಲ್ಲಿ ಬರೆದಿದ್ದೆ.
ನನ್ನ ಗೈಡು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ತಿರುಪು ಸಡಿಲಿಸಿದೆ.
ಎಂಟು ಮತ್ತೆ ಆರಾಯಿತು, ಕೋಷ್ಟಕ ಹೇಳಿದ ಹಾಗೇ.
'ಹಿಂದಿರುಗುತ್ತದೆ' ಎಂದು ಬರೆದುಕೊಂಡೆ.
ಆದರೆ ಪರದೆಯಲ್ಲಿ ಚುಕ್ಕಿ ಇರಲಿಲ್ಲ,
ಚುಕ್ಕಿ ಇದ್ದ ಕಡೆ ತೆಳ್ಳನೆಯ ಬಳೆಗಳು.
ಬಂದದ್ದೇನೋ ಅದೇ ಉಪ್ಪು, ಅದೇ ಅಳತೆ;
ಒಂದಾಗಿ ಹೋದದ್ದು ಸಾವಿರ ಚೂರಾಗಿ ಬಂದಿದೆ,
ಒಂದೊಂದು ಚೂರಿಗೂ ಒಂದೊಂದು ದಿಕ್ಕು.
ಲೂರ್ದುಸ್ವಾಮಿ ಬಗ್ಗಿ ನೋಡಿ ಅಂದರು:
'ಸೊಪ್ಪಿನವಳು ತುಳಿದಂಗದೆ, ಮೇಡಂ.'

ಸಂಜೆಯ ಗಾಡಿ. ಎಲಿಯೂರಿನಲ್ಲಿ ಬೋಗಿ ಅರ್ಧ ಬರಿದು.
ಸೀಟಿನಲ್ಲಿ ಉಳಿದವರು ನಾನು ಮತ್ತು
ಹೆಸರು ಗೊತ್ತಿಲ್ಲದ ಒಬ್ಬಾಕೆ.
ಇಬ್ಬರೂ ಇನ್ನೂ ತುದಿಯಲ್ಲೇ, ಮೊಣಕಾಲು ಓರೆ,
ನಡುವೆ ಇಬ್ಬರಿಗಾಗುವಷ್ಟು ಹಲಗೆ.
ಜರುಗಿ ಅನ್ನುವವರು ಯಾರೂ ಇಲ್ಲ.